ನನ್ನ ಹೆಸರಿನ ಹನ್ನೊಂದು ದಿನಗಳು

ದೇವರಿದ್ದಾನೆಂದು ಅಷ್ಟಾಗಿ ನಂಬದ ಮನುಷ್ಯ ಚರ್ಚಿನ ಬೆಂಚಿನ ಮೇಲೆ ಕುಳಿತು ಕುದಿಯುವುದು ಬಹಳ ಕಷ್ಟದ ಕೆಲಸ. ಸಿಟ್ಟನ್ನು ಯಾರ ಮೇಲೆ ತೀರಿಸಿಕೊಳ್ಳುವುದು? ದೇವರ ಮೇಲೆ ಸಿಟ್ಟಾಗುವಂತಿಲ್ಲ. ಸಿಟ್ಟಾದರೆ ಅವನಿದ್ದಾನೆಂದು ಒಪ್ಪಿಕೊಂಡಂತಾಗುತ್ತದೆ. ಪಾಸ್ಟರ್ ಮೇಲೆ ಸಿಟ್ಟಾಗೋಣವೆಂದರೆ ಆತ ನನಗಿಂತ ಹದಿನೈದು ವರ್ಷ ಚಿಕ್ಕವ, ಇಲ್ಲಿಗೆ ಬಂದು ಇನ್ನೂ ಮೂರು ತಿಂಗಳಾಗಿಲ್ಲ. ಕೊನೆಗೆ, ಮುಂದಿನ ಬೆಂಚಿನ ಬೆನ್ನಿಗೆ ಯಾರೋ ಮೊಳೆಯಿಂದ ಕೊರೆದಿದ್ದ ಹೃದಯವನ್ನೂ ಅದಕ್ಕೆ ನಾಟಿದ ಬಾಣವನ್ನೂ ನೋಡುತ್ತ ಒಂದು ತಾಸು ಹಲ್ಲು ಕಡಿದೆ.

ನಾನು ಗಡಹಿಂಗ್ಲಜದ ಒಂದು ಕಾಲೇಜಿನಲ್ಲಿ ಇತಿಹಾಸ ಕಲಿಸುವವನು. ಹುಟ್ಟಿದ್ದು ಕ್ರೈಸ್ತ ಮನೆಯಲ್ಲಿ. ಕೊಲ್ಹಾಪುರದ ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ಓದಿದ ಮೇಲೆ ಎಲ್ಲವನ್ನೂ ಅನುಮಾನಿಸುವ ಚಟ ಹತ್ತಿತು. ಶಾಸನ ಕಂಡರೆ ಕೆತ್ತಿಸಿದವನಿಗೆ ಏನು ಲಾಭವಿತ್ತು ಎಂದು ಕೇಳುತ್ತೇನೆ. ಪವಾಡದ ಕಥೆ ಕೇಳಿದರೆ ಮೊದಲು ಹೇಳಿದವನು ಯಾರು ಎಂದು ಕೇಳುತ್ತೇನೆ. ಆದರೂ ವರ್ಷಕ್ಕೆ ಮೂರು ಸಲ ಇಚಲಕರಂಜಿಯ ಶಹಾಪುರಕ್ಕೆ ಹೋಗಿ ಅಲ್ಲಿನ ಚಿಕ್ಕ ಸಭೆಯಲ್ಲಿ ಕೂರುತ್ತೇನೆ. ನನ್ನ ಅಕ್ಕ ರೂತ್ ಅಲ್ಲಿಯೇ ಇರುವುದರಿಂದ, ಮತ್ತು ಆರಾಧನೆ ಮುಗಿದ ಮೇಲೆ ಕೊಡುವ ಚಹಾ ಚೆನ್ನಾಗಿರುವುದರಿಂದ. ಸಭೆಯಲ್ಲಿರುವವರು ಹೆಚ್ಚಿನಂಶ ಮಗ್ಗದ ಕೆಲಸದವರು. ಪ್ರಾರ್ಥನೆ ಕನ್ನಡದಲ್ಲಿ, ಹಾಡು ಅರ್ಧ ಮರಾಠಿಯಲ್ಲಿ. ಎರಡೂ ಭಾಷೆಯಲ್ಲಿ ಎಲ್ಲರಿಗೂ ಜೋರು ದನಿ. ಮಗ್ಗದ ಸದ್ದಿನಲ್ಲಿ ಮಾತಾಡಿ ಬೆಳೆದ ಗಂಟಲುಗಳವು.

ಅಂದು ಉಪಕಾರಸ್ತುತಿಯ ರವಿವಾರ. ಉಪದೇಶದ ವಿಷಯ, ತನ್ನನ್ನೇ ಕೊಡುವುದು. ಈ ವಿಷಯದಲ್ಲಿ ನನಗೆ ಮೊದಲಿನಿಂದಲೂ ಸಿಟ್ಟಿದೆ. ನಮ್ಮ ಕಡೆ ಕೊಡುವುದೆಂದರೆ ಏನಾಗಿದೆ ನೋಡಿ. ಒಬ್ಬ ನಾಲ್ಕು ಕುರ್ಚಿ ಕೊಟ್ಟರೆ ಬೀದಿಯ ತಿರುವಿನಲ್ಲಿ ಅವನ ಮುಖದ ಡಿಜಿಟಲ್ ಬೋರ್ಡು ಏಳುತ್ತದೆ. ಕುರ್ಚಿ ಮುರಿದು ಗುಜರಿಗೆ ಹೋದರೂ ಬೋರ್ಡು ಇರುತ್ತದೆ. ಆಮೇಲೆ ಯಾರದೋ ಎಮ್ಮೆಯ ಕೊಟ್ಟಿಗೆಗೆ ಚಾವಣಿಯಾಗುತ್ತದೆ. ಕೊಟ್ಟವನಿಗೆ ಸತ್ಕಾರ, ತೆಗೆದುಕೊಂಡವನಿಂದ ಭಾಷಣ, ನಡುವೆ ನಿಂತವನಿಗೆ ಶಾಲು. ನಾನು ಹಾಗಲ್ಲ. ನನ್ನ ಜೀವನದಲ್ಲಿ ನಾನು ಮಾಡಿದ ಒಂದೇ ಒಂದು ದೊಡ್ಡ ತ್ಯಾಗವನ್ನು ಎಂದೂ ಬೋರ್ಡಿಗೆ ಹಾಕಿಸಿಲ್ಲ. ಸ್ಟಾಫ್ ರೂಮಿನಲ್ಲಿ, ಎರಡು ಮದುವೆಗಳಲ್ಲಿ ಮತ್ತು ಎಸ್‌ಟಿ ಬಸ್ಸಿನಲ್ಲಿ ಪಕ್ಕಕ್ಕೆ ಕುಳಿತ ಕೆಲವರಿಗೆ ಮಾತ್ರ ಹೇಳಿದ್ದೇನೆ.

ಆ ತ್ಯಾಗ ಇದು. ಎಂಟು ವರ್ಷದ ಹಿಂದೆ ಈ ಸಭೆಯ ಸ್ಯಾಮುವೆಲ್ ಮಾಮಾ, ಮಗ್ಗ ಕೆಟ್ಟರೆ ರಿಪೇರಿ ಮಾಡುವ ಜಾಬರ್, ಬಿದ್ದು ತೊಡೆಯ ಎಲುಬು ಮುರಿದುಕೊಂಡ. ಹಿಂದೆ ಮುಂದೆ ಯಾರೂ ಇಲ್ಲದ ಮನುಷ್ಯ. ಕೊಲ್ಹಾಪುರದ ಆಸ್ಪತ್ರೆಯಲ್ಲಿ ಹನ್ನೊಂದು ದಿನ. ಆ ಹನ್ನೊಂದು ದಿನ ಅವನ ಪಕ್ಕದಲ್ಲಿ ಕುಳಿತವನು ನಾನು. ಕಿಟಕಿಯಾಚೆಯ ಹುಣಸೆಮರ ನನಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಮಾಮಾ ಖಾರದ ಭಡಂಗ್ ಚುರುಮುರಿ ಬೇಕೆಂದು ಹಟ ಹಿಡಿದದ್ದು, ನರ್ಸ್ ‘ಸರಕಾ ಕೀ ಜರಾ’ ಎಂದು ಗದರಿ ನನ್ನನ್ನು ಪಕ್ಕಕ್ಕೆ ಸರಿಸಿದ್ದು, ಎಲ್ಲ ನೆನಪಿದೆ. ಮಾಮಾ ಮುಂದೆ ಮೂರು ವರ್ಷ ನಡೆದಾಡಿಕೊಂಡಿದ್ದು ತೀರಿಕೊಂಡ. ಮುಖ್ಯ ಸಾಕ್ಷಿ ಈಗಿಲ್ಲ ಎಂದು ಇತಿಹಾಸದವನಾಗಿ ಗಮನಿಸಿಟ್ಟಿದ್ದೇನೆ.

ಪಾಸ್ಟರ್ ಉಪದೇಶ ಸುರುಮಾಡಿದ್ದು ‘ಯೇಸು ನಮ್ಮ ಬದಲಿ’ ಎಂದು. ಬದಲಿ ಎಂಬುದು ಅರಬ್ಬರ ಮಾತು. ಪಾರಸಿಯಲ್ಲಿ ಸುತ್ತಿ, ಮರಾಠಿಯಲ್ಲಿ ತಂಗಿ, ನಮ್ಮ ಕನ್ನಡಕ್ಕೆ ಬಂದು ಬೇರೂರಿದೆ. ನನ್ನಂಥ ಸಂಬಳದವರಿಗೆ ಈ ಕಡೆ ಬದಲಿ ಎಂದರೆ ವರ್ಗಾವಣೆ. ಹಾಗಾಗಿ ನನಗೆ ಮೊದಲು ಕಂಡದ್ದು ಸ್ವರ್ಗದ ಆಫೀಸಿನಿಂದ ಭೂಮಿಗೆ ಆರ್ಡರ್ ಹಿಡಿದುಕೊಂಡು ಹೊರಟ ಯೇಸು. ನಗು ತಡೆದುಕೊಂಡೆ. ಸುತ್ತಲಿನವರು ಮಾತ್ರ ತಲೆದೂಗುತ್ತಿದ್ದರು. ಮಗ್ಗದವರಿಗೆ ಬದಲಿ ಎಂದರೆ ಬೇರೆ: ನಿನಗೆ ಜ್ವರ ಬಂದರೆ, ಮನೆಯಲ್ಲಿ ಸಾವಾದರೆ, ನಿನ್ನ ಮಗ್ಗಕ್ಕೆ ನಿಂತು ನಿನ್ನ ಪಾಳಿ ಓಡಿಸುವ ಮನುಷ್ಯ. ಬೆವರು ಅವನದು, ಪಾಳಿ ಮಾತ್ರ ನಿನ್ನ ಹೆಸರಿಗೆ.

‘ಇಂಥಾ ಬದಲಿ ನಮ್ಮ ನಡುವೂ ಒಬ್ರು ಅದಾರ್ರಿ’ ಎಂದರು ಪಾಸ್ಟರ್. ‘ನಮ್ಮ ಸಭೆಯವರೂ ಅಲ್ಲ. ಸ್ಯಾಮುವೆಲ್ ಮಾಮಾನ ಪಕ್ಕದಾಗ ಹನ್ನೊಂದ ದಿನಾ ಕುಂತವರು. ಮಲ್ಲಪ್ಪ, ಮುಂದ ಬರ್ರಿ.’

ಮಲ್ಲಪ್ಪ ಬಂದ. ಸ್ಯಾಮುವೆಲ್ ಮಾಮಾನ ಪಕ್ಕದ ಮನೆಯವ, ಅಥಣಿಯ ಕಡೆಯಿಂದ ಬಂದು ಇಲ್ಲಿ ಮಗ್ಗ ಓಡಿಸುವ ಸಣಕಲ ಮನುಷ್ಯ. ತಲೆಗೆ ಕೇಸರಿ ಫೇಟಾ ಕಟ್ಟಿಸಿಕೊಳ್ಳುವಾಗ ಕ್ಷೌರಕ್ಕೆ ಕುಳಿತವನಂತೆ ಕಣ್ಣುಮುಚ್ಚಿ ನಿಂತಿದ್ದ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ, ಕೈಗಳು ನನ್ನ ಮಾತು ಕೇಳುವ ಸ್ಥಿತಿಯಲ್ಲಿರಲಿಲ್ಲ. ಒಳಗೆ ಮಾತ್ರ ಬೆಂಕಿ. ಒಬ್ಬ ಮನುಷ್ಯನ ಹೊಲ ಕಸಿದುಕೊಳ್ಳಿ, ಮನೆ ಕಸಿದುಕೊಳ್ಳಿ. ಅವನು ಮಾಡಿದ ಒಂದೇ ಒಂದು ಒಳ್ಳೆಯ ಕೆಲಸವನ್ನು ಹಾಡಹಗಲೇ ಕಸಿದು ಇನ್ನೊಬ್ಬನ ತಲೆಗೆ ಸುತ್ತುವುದೇ?

ಅಕ್ಕನ ಮನೆಗೆ ಬಂದವನೇ ಚಪ್ಪಲಿ ಬಿಡುವ ಮೊದಲೇ ಕೂಗಾಡಿದೆ. ಅಕ್ಕ ಮಹಿಳಾ ಸಂಘದ ಮುಖ್ಯಸ್ಥೆ. ಆಸ್ಪತ್ರೆಯಲ್ಲಿ ಯಾರಾದರೂ ಮಲಗಿದರೆ ಯಾರು ಯಾವ ದಿನ ಕೂರಬೇಕೆಂದು ಮಗ್ಗದವರ ರೀತಿಯಲ್ಲೇ ಪಾಳಿ ಹಚ್ಚುವವಳು ಅವಳೇ. ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಕೇಳಿದಳು.

‘ಆತಾ? ಮುಗೀತಾ ನಿಂದು?’

‘ಆ ಪಾಸ್ಟರಗ ಯಾರು ಹೇಳಿದ್ರು ಇದನ್ನ?’

‘ಬೇಕಂತ ಯಾರೂ ಹೇಳಿಲ್ಲ, ತಮ್ಮಾ. ಹೊಸಬ್ರು ಅದಾರ. ಸುಳ್ಳ ಹೇಳಬೇಕು ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ಮಲ್ಲಪ್ಪನ ಹೇಣ್ತಿ ಮಾತಿಗೆ ಮಾತ ಬಂದಾಗ ಅಂದ್ಲಂತ, ಅವರು ಖರೇ ಅಂತ ಉಪದೇಶದಾಗ ಹೇಳಿಬಿಟ್ರು.’

‘ಖರೇ? ಹಂಗಾರ ನಾ ಕುಂತಿದ್ದು?’

ಅಕ್ಕ ಹಂಚಿನ ಮೇಲಿನ ರೊಟ್ಟಿ ತಿರುವಿದಳು. ‘ನೀ ಒಂದ ದಿನಾ ಬಂದಿದ್ದಿ. ಪೇಶಂಟ್ ಕಡೆ ಕುಂದ್ರಾಕ ಪಾಸ್ ಮಾಡಿಸಿದಿ, ಚಹಾ ಕುಡದಿ, ನಾಕರ ಎಸ್‌ಟಿ ಹಿಡದಿ. ಪೇಪರ್ ತಪಾಸ ಮಾಡೂದು ಐತಿ ಅಂದಿ. ಮಲ್ಲಪ್ಪ ನಿನ್ನ ಬದಲಿ ಕುಂತ.’

ಎಂಟು ವರ್ಷ ಇವಳ ಮುಂದೆಯೇ ಈ ಕಥೆ ಹೇಳಿದ್ದೆ. ಒಮ್ಮೆಯಾದರೂ ಬಾಯಿ ಬಿಡಬಾರದಿತ್ತೇ? ಕೇಳಿದರೆ, ‘ನಿನಗ ಹೇಳ್ಕೊಳ್ಳಾಕ ಅದೊಂದ ಇತ್ತು. ಅದನ್ಯಾಕ ಕಸಗೋಬೇಕು ಅಂತ ಸುಮ್ಕ ಇದ್ವಿ’ ಎಂದಳು. ‘ಇದ್ವಿ’ ಎಂಬ ಆ ಬಹುವಚನ ಗಮನಿಸಿದಿರಾ? ಇಡೀ ಸಭೆಯೇ ಸೇರಿ ನನ್ನ ಮೇಲೆ ದಯೆ ತೋರಿಸುತ್ತಿತ್ತು! ನಾನು ಹೇಳುವಾಗ ಚಹಾದ ಕಪ್ಪು ಹಿಡಿದು ‘ಹೌದ್ರಿ ಸರ್, ಭಾಳ ದೊಡ್ಡ ಮನಸ್ಸರಿ’ ಎನ್ನುತ್ತಿದ್ದ ಮುಖಗಳೆಲ್ಲ ಸಾಲಾಗಿ ನೆನಪಿಗೆ ಬಂದವು. ಇಷ್ಟು ದೊಡ್ಡ ಅವಮಾನವನ್ನು ಇಷ್ಟು ವಿನಯದಿಂದ ಮಾಡಲು ಕ್ರೈಸ್ತರಿಂದ ಮಾತ್ರ ಸಾಧ್ಯ.

ಆದರೆ ಅಕ್ಕನೂ ಒಂದು ಆಕರ ಅಷ್ಟೇ. ಒಂದೇ ಆಕರವನ್ನು ನಂಬಬಾರದೆಂದು ವರ್ಷವೆಲ್ಲ ಹುಡುಗರಿಗೆ ಪಾಠ ಹೇಳುವವನು ನಾನು. ಊಟ ಬಿಟ್ಟು ಮಲ್ಲಪ್ಪನನ್ನು ಹುಡುಕಿ ಹೊರಟೆ. ಆತ ಎರಡನೇ ಪಾಳಿಗೆ ಹೊರಡಲು ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದ. ಫೇಟಾ ಬಾಗಿಲ ಮೊಳೆಗೆ ತೂಗುತ್ತಿತ್ತು. ನನ್ನನ್ನು ಕಂಡವನೇ ಪಂಪು ಬಿಟ್ಟು ಕೈಮುಗಿದ.

‘ಸರ್, ತಪ್ಪ ತಿಳಕೋಬ್ಯಾಡ್ರಿ. ನಾ ಬ್ಯಾಡ ಅಂದೆ. ಆ ಪಾಸ್ಟರ್ ಕೇಳಲಿಲ್ಲರಿ.’

‘ಕಿಟಕಿ ಬಾಜೂಕ ಮಾಮಾನ ಕಾಟ್ ಇತ್ತು, ಹೌದಲ್ಲ?’ ನಾನು ಪಾಟೀಸವಾಲಿಗೆ ಇಳಿದೆ. ‘ಹೊರಗ ಹುಣಸಿಗಿಡ?’

ಮಲ್ಲಪ್ಪ ಇಕ್ಕಟ್ಟಿಗೆ ಸಿಕ್ಕವನಂತೆ ನೆಲ ನೋಡಿದ. ‘ಕಿಡಕಿ ಎಲ್ಲಿತ್ರಿ ಸರ್... ನಟ್ಟನಡುವ ಕಾಟ್. ಗಿಡ ಗೇಟಿನ ಹೊರಗಿತ್ರಿ. ಅದರ ಬುಡಕ ನಾ ಬುತ್ತಿ ಉಣತಿದ್ನಿ. ಅಲ್ಲಿಂದನ ನಿಮಗ ದಿನಾ ಸಂಜೀಕ ಫೋನ್ ಹಚ್ಚತಿದ್ನಿ.’

ಹೌದು, ಫೋನು. ದಿನಾ ಸಂಜೆ ಬರುತ್ತಿತ್ತು. ಮಾಮಾ ಏನು ತಿಂದ, ನರ್ಸ್ ಏನೆಂದು ಬೈದಳು, ಗಿಡದ ಮೇಲೆ ಎಷ್ಟು ಗಿಳಿ ಕೂತಿವೆ, ಎಲ್ಲ ಹೇಳುತ್ತಿದ್ದ. ನಾನು ಕೆಂಪು ಪೆನ್ನು ಹಿಡಿದು ಉತ್ತರಪತ್ರಿಕೆ ತಿದ್ದುತ್ತ ಹ್ಞೂಂ ಎನ್ನುತ್ತಿದ್ದೆ. ಅವನ ಕಣ್ಣಲ್ಲಿ ಕಂಡದ್ದು ನನ್ನ ಕಿವಿಯಲ್ಲಿ ಇಳಿದು, ಎಂಟು ವರ್ಷದಲ್ಲಿ ನನ್ನ ಕಣ್ಣಿಗೇ ಬಂದು ಕೂತಿತು. ಇಲ್ಲದ ಗೋಡೆಗೆ ಕಿಟಕಿ ಕೊರೆದು, ಗೇಟಿನಾಚೆಯ ಮರವನ್ನು ಬೇರು ಸಹಿತ ಕಿತ್ತು ತಂದು ಅಲ್ಲಿ ನೆಟ್ಟಿದ್ದೆ. ಯಾವ ಪವಾಡದ ಕಥೆಗಾರನೂ ಮರವನ್ನು ಇಷ್ಟು ದೂರ ನಡೆಸಿರಲಾರ.

ಮಲ್ಲಪ್ಪ ನನ್ನ ಮುಖ ನೋಡಿ ಗಾಬರಿಯಾದ. ಸಮಾಧಾನ ಮಾಡಲು ಹೊರಟ. ಅದೇ ನನ್ನನ್ನು ಮುಗಿಸಿದ್ದು.

‘ಪಾಳಿ ನಿಮ್ಮದರೀ ಸರ್. ಪಾಸ್ ನಿಮ್ಮ ಹೆಸರಿಲೆ ಇತ್ತಲ್ಲ? ಬದಲಿ ನಿಂತವಗ ಪಾಳಿ ಹೆಂಗ ಸಿಗತೈತ್ರಿ? ನೀವು ಪ್ರೊಫೆಸರ್ ಅಂತ ಬರಿಸಿದ್ರಿ. ಎಲ್ಲಾರೂ ನನಗ ಪ್ರೊಫೆಸರ್ ಸಾಹೇಬ್ರ ಅಂತಿದ್ರು! ಬಾಜೂ ಕಾಟಿನವರು ಫಾರ್ಮ್ ತುಂಬಿಕೊಡ್ರಿ ಅಂತ ಬರತಿದ್ರು. ಚಷ್ಮಾ ಮರತ ಬಂದೇನಿ ಅಂತಿದ್ನಿ.’

‘ಏನ ಕಲಸ್ತೀರಿ ಅಂತ ಕೇಳಲಿಲ್ಲ?’

‘ಕೇಳಿದ್ರು. ಇತಿಹಾಸ ಅಂದೆ. ಶಿವಾಜಿ ಮಹಾರಾಜರದು ಒಂದ ಕಥಿ ಹೇಳ್ರಿ ಅಂದ್ರು, ಹೇಳಿದೆ. ಭಾಳ ಚಲೋ ಕಲಸ್ತೀರಿ ಅಂದ್ರರಿ.’

ಅಂದರೆ ನನ್ನ ಪಾಠವನ್ನೂ ನನಗಿಂತ ಚೆನ್ನಾಗಿ ಮಾಡಿದ್ದ. ಆ ಹನ್ನೊಂದು ದಿನ ನಿನ್ನ ಮಗ್ಗ ಯಾರು ಓಡಿಸಿದರು ಎಂದು ಕೇಳಿದೆ. ‘ನಮ್ಮ ಹೇಣ್ತಿ ತಮ್ಮ ನನ್ನ ಬದಲಿ ನಿಂತಾರಿ. ತನ್ನದೊಂದ ಪಾಳಿ, ನಂದೊಂದ ಪಾಳಿ, ಒಂದರ ಬೆನ್ನಿಗೆ ಒಂದ’ ಎಂದ, ಅದೇನು ದೊಡ್ಡ ಮಾತಲ್ಲವೆಂಬಂತೆ. ನನ್ನ ಬದಲಿಗೆ ಮಲ್ಲಪ್ಪ, ಮಲ್ಲಪ್ಪನ ಬದಲಿಗೆ ನಾನು ಮುಖ ಕಂಡಿರದ ಒಬ್ಬ ಮೈದುನ. ಆ ಸಾಲಿನ ತುದಿಯಲ್ಲಿ, ಗಡಹಿಂಗ್ಲಜದಲ್ಲಿ ಫ್ಯಾನಿನ ಕೆಳಗೆ ಕುಳಿತು ತ್ಯಾಗ ಮಾಡುತ್ತಿದ್ದವನು ನಾನು.

ನಿಮಗೆ ನಾಚಿಕೆಯಾಗಲಿಲ್ಲವೇ ಎಂದು ಕೇಳಬಹುದು. ಆಗಲಿಲ್ಲ, ಸಿಟ್ಟೇ ಇನ್ನೂ ಹೆಚ್ಚಾಯಿತು. ದಾನ ಮಾಡಿದವನಿಂದಲೇ ಆ ದಾನದ ಹೆಸರನ್ನೂ ದಾನವಾಗಿ ಪಡೆಯುವುದು ಸಾಮಾನ್ಯ ಸಂಕಟವಲ್ಲ. ಆತ ನನ್ನನ್ನು ಕಳ್ಳನೆಂದಿದ್ದರೆ ಜಗಳವಾಡಬಹುದಿತ್ತು. ‘ನಿಮ್ಮದರೀ’ ಎಂದವನ ಜೊತೆ ಏನು ಜಗಳ? ತಿರುಗಿ ಕೊಡೋಣವೆಂದರೆ ತೆಗೆದುಕೊಳ್ಳಲೊಲ್ಲ. ಅದು ಅವನಿಗೆ ಬೇಕಾಗಿಯೇ ಇಲ್ಲ. ಸೈಕಲ್ ಏರಿ ಪಾಳಿಗೆ ಹೋದ.

ಬಿರುಸಾಗಿ ಹಿಂತಿರುಗಿ ಅಕ್ಕನಿಗೆ ಹೇಳಿದೆ: ‘ಈಗ ಯಾರರ ದವಾಖಾನ್ಯಾಗ ಅದಾರೇನು? ನನಗೊಂದ ಪಾಳಿ ಹಚ್ಚು.’

ಅಕ್ಕ ಕೈಯೊರೆಸಿಕೊಂಡು ಗೋಡೆಯ ಕ್ಯಾಲೆಂಡರಿನ ಎದುರು ನಿಂತಳು. ‘ಬ್ರೇಸ್ತವಾರ ಖಾಲಿ ಐತಿ’ ಎಂದವಳು ಪೆನ್ಸಿಲು ಎತ್ತಿ ಸ್ವಲ್ಪ ತಡೆದಳು. ‘ಹೆಸರ ಬರೀಲೋ, ನೀನ ಬರ್ತೀಯೋ?’

ಹೋದೆ. ಕೊಲ್ಹಾಪುರಕ್ಕೆ, ಬೆಳಗಿನ ಹತ್ತರಿಂದ ಸಂಜೆ ಐದರವರೆಗೆ. ಮಂಚದ ಮೇಲಿದ್ದವನು ಒಬ್ಬ ಮರಾಠಿ ಅಜ್ಜ, ಸಭೆಗೆ ಹೊಸಬ, ನಾನು ಎಂದೂ ನೋಡಿರದವ. ಮಧ್ಯಾಹ್ನದವರೆಗೆ ಗೊರಕೆ ಹೊಡೆದ. ಒಮ್ಮೆ ಕಣ್ಣುಬಿಟ್ಟು ನನ್ನನ್ನೇ ನೋಡಿ ‘ತುಮ್ಹಿ ಕೋಣ?’ ಎಂದ. ನೀವು ಯಾರೆಂದು ಕೇಳಿದ್ದು ನಿಜ. ಕನ್ನಡದ ಕಿವಿಗೆ ಅದು ಬೇರೆಯೇ ಕೇಳುತ್ತದೆ. ಆ ವಾರದ ನನ್ನ ಮನಃಸ್ಥಿತಿಯಲ್ಲಿ ಹೌದೆಂದು ಒಪ್ಪಿಕೊಳ್ಳುವುದರಲ್ಲಿದ್ದೆ. ಶಹಾಪುರದ ಸಭೆಯವನು ಎಂದೆ. ಸರಿ ಎಂಬಂತೆ ‘ಬರಂ’ ಎಂದು ನೀರು ಕುಡಿದು ಮತ್ತೆ ಮಲಗಿದ. ಹೆಸರು ಕೇಳಲಿಲ್ಲ. ಏನು ಮಾಡುತ್ತೀರಿ ಎಂದೂ ಕೇಳಲಿಲ್ಲ. ಬರುವಾಗ ಅವನಿಗೆ ಹೇಳಲೆಂದು ಎರಡು ಒಳ್ಳೆಯ ಮಾತು ಯೋಚಿಸಿಕೊಂಡು ಬಂದಿದ್ದೆ. ಅವು ಹಾಗೇ ಉಳಿದವು. ಸಿಟ್ಟು ಬಂತು. ಸಿಟ್ಟು ಮಾಡಿಕೊಂಡು ಕೂರಲು ಅಲ್ಲಿದ್ದುದು ಬೆನ್ನಿಲ್ಲದ ಒಂದು ಪ್ಲಾಸ್ಟಿಕ್ ಸ್ಟೂಲು. ಮೂರನೆಯ ತಾಸಿಗೆ ಸೊಂಟ ಹಿಡಿಯಿತು, ಐದನೆಯದಕ್ಕೆ ಎಡಗಾಲು ಜೋಮು ಹಿಡಿಯಿತು, ಏಳನೆಯದಕ್ಕೆ ಅಜ್ಜ ನನಗಿಂತ ಆರೋಗ್ಯವಾಗಿ ಕಂಡ.

ಸೊಂಟಕ್ಕೆ ಮುಲಾಮು ಹಚ್ಚಿಕೊಂಡು ಬೋರಲು ಮಲಗಿ ಇದನ್ನು ಬರೆಯುತ್ತಿದ್ದೇನೆ. ಎಂಟು ವರ್ಷ ಆ ಹನ್ನೊಂದು ದಿನಗಳ ಕಥೆಯನ್ನು ಅಷ್ಟು ಜನರಿಗೆ ಹೇಳಿದೆನಲ್ಲ, ಅದರಲ್ಲಿ ಒಂದು ಸಲವೂ ನನ್ನ ಸೊಂಟ ನೋಯಲಿಲ್ಲ. ಇತಿಹಾಸ ಓದಿದವನು ಅಲ್ಲೇ ಅನುಮಾನಿಸಬೇಕಿತ್ತು.

ಈಗಿನ ಈ ಏಳು ತಾಸು ಮಾತ್ರ ಖರೆ, ನೋವು ಸಾಕ್ಷಿಗಿದೆ. ಆದರೆ ನೋವು ನಾಲ್ಕು ದಿನದಲ್ಲಿ ಹೋಗುತ್ತದೆ, ನನ್ನ ಬಾಯಿ ಇಲ್ಲೇ ಇರುತ್ತದೆ. ಇನ್ನೈದು ವರ್ಷದ ಮೇಲೆ ಎಲ್ಲಾದರೂ ಬಸ್ಸಿನಲ್ಲಿ ನಿಮ್ಮ ಪಕ್ಕಕ್ಕೆ ಕುಳಿತು, ಮರಾಠಿ ಅಜ್ಜನೊಬ್ಬನನ್ನು ಏಳು ವಾರ ನೋಡಿಕೊಂಡೆನೆಂದು ಸುರುಮಾಡಿದರೆ, ದಯವಿಟ್ಟು ನನ್ನ ಮೇಲೆ ದೊಡ್ಡ ಮನಸ್ಸು ಮಾಡಬೇಡಿ. ಜಗಳ ತೆಗೆಯಿರಿ.