ಚಿಕ್ಕಮ್ಮ ತೊಳೆದಿಟ್ಟ ಡಬ್ಬ

ಕಳ್ಳಂಬೆಳ್ಳದ ಹತ್ತಿರದ ಹಳ್ಳಿಯಲ್ಲಿ ನನ್ನ ಚಿಕ್ಕಮ್ಮನ ಮನೆ. ಯಾವ ಡಬ್ಬ ಖಾಲಿಯಾದರೂ ಅವಳು ಬೂದಿ ಹಾಕಿ ಉಜ್ಜಿ, ಅಂಟಿಸಿದ ಚೀಟಿ ಕೆರೆದು, ಬಚ್ಚಲ ಕಲ್ಲಿನ ಮೇಲೆ ಕವುಚಿಡುತ್ತಾಳೆ.

ಹೋದ ವರ್ಷ ಕಡಲೆಕಾಯಿ ಗಿಡಕ್ಕೆ ಎಲೆಚುಕ್ಕೆ ರೋಗ ಬಂದಾಗ ಚಿಕ್ಕಪ್ಪ ಔಷಧಿ ಹೊಡೆದರು. ಬೆನ್ನಿಗೆ ಕಟ್ಟಿದ ಕ್ಯಾನು ಸೋರಿ ಅಂಗಿ ತೊಯ್ದಿದ್ದರೂ ಹೊಲ ಮುಗಿಸಿಯೇ ಬಂದರು. ಸಂಜೆ ತಲೆಸುತ್ತು, ವಾಂತಿ. ಅವರು ಮಲಗಿದಾಗ ಚಿಕ್ಕಮ್ಮ ಅಂಗಿ ಒಗೆದಳು, ಔಷಧಿಯ ಡಬ್ಬವನ್ನೂ ತೊಳೆದಳು.

ಆಸ್ಪತ್ರೆಯಲ್ಲಿ ಡಾಕ್ಟರು ಡಬ್ಬ ತರಲು ಹೇಳಿದರು. ನಾನೇ ತಂದುಕೊಟ್ಟೆ. ಅದರ ಮೇಲೆ ಒಂದಕ್ಷರವೂ ಇರಲಿಲ್ಲ. ಸಾಮಾನ್ಯವಾಗಿ ಹೊಡೆಯುವ ಕೀಟನಾಶಕವೆಂದು ಭಾವಿಸಿ ಅದಕ್ಕೆ ಕೊಡುವ ಇಂಜೆಕ್ಷನ್ನೇ ಕೊಟ್ಟರು. ಚಿಕ್ಕಪ್ಪ ಚೇತರಿಸಿಕೊಂಡರು, ಮುದ್ದೆ ಕೇಳಿದರು. ಕೆಲವು ದಿನಗಳ ಮೇಲೆ ನಡಿಗೆ ತೂರಾಡತೊಡಗಿತು, ಕಿವಿ ಮಂದವಾಯಿತು, ನೆನ್ನೆಯದು ನೆನಪಿನಲ್ಲಿ ನಿಲ್ಲದಾಯಿತು. ಅಂಗಡಿಯಿಂದ ಅದೇ ಔಷಧಿಯ ಇನ್ನೊಂದು ಡಬ್ಬ ತಂದು ತೋರಿಸಿದ ಮೇಲೆ ಗೊತ್ತಾಯಿತು: ಅದು ತವರದ ಅಂಶವಿದ್ದ ವಿಷ, ಮಿದುಳಿಗೆ ತಟ್ಟುವಂಥದ್ದು.

ಮೊದಲೇ ಗೊತ್ತಾಗಿದ್ದರೆ ಇದನ್ನು ತಪ್ಪಿಸಬಹುದಿತ್ತೇ ಎಂದು ಡಾಕ್ಟರನ್ನು ಕೇಳಿದೆ. ಇದಕ್ಕೆಂದೇ ಮದ್ದಿಲ್ಲ, ಹೆಚ್ಚೇನೂ ಬದಲಾಗುತ್ತಿರಲಿಲ್ಲ ಎಂದರು. ಅದನ್ನು ಚಿಕ್ಕಮ್ಮನಿಗೆ ಹಾಗೆಯೇ ಹೇಳಿದೆ.

"ಡಾಕ್ಟ್ರು ಹೇಳಿದ್ದು ಸರೀನೇ ಇರ್ಬೋದು ಕಣಪ್ಪ. ತೊಳ್ದೋಳು ನಾನಲ್ವಾ?"

ಈಗ ದಿನವೂ ಬೆಳಿಗ್ಗೆ ಚಿಕ್ಕಪ್ಪ ಗೋಡೆ ಹಿಡಿದು ಎದ್ದು ಕೇಳುತ್ತಾರೆ, "ನಂಗ್ಯಾಕೇ ಇಂಗಾಯ್ತು?" ಅವಳು ಕಿವಿಯ ಹತ್ತಿರ ಬಾಗಿ, ಸೋರಿದ ಕ್ಯಾನಿನಿಂದ ಹಿಡಿದು ತೊಳೆದ ಡಬ್ಬದವರೆಗೆ ಎಲ್ಲವನ್ನೂ ಹೇಳುತ್ತಾಳೆ.

"ಡಬ್ಬ ತಾನೆ, ಹೋಗ್ಲಿ ಬುಡೇ," ಎಂದು ಅವರು ನಗುತ್ತಾರೆ. "ನಿನ್ ಉಜ್ಜೋ ಹುಚ್ಚು ನಂಗೊತ್ತಿಲ್ವಾ? ಒಂದಿನ ನನ್ನೂ ಉಜ್ಜಿ ಕವುಚಾಕ್ಬುಡ್ತೀಯ."

ಅವಳ ಮುಖ ಸಡಿಲವಾಗುತ್ತದೆ. ಮಾರನೆಯ ದಿನ ಆ ಕ್ಷಮೆ ಅವರಿಗೆ ನೆನಪಿರುವುದಿಲ್ಲ.

"ಒಂದಿನ ಹೇಳದೆ ಬಿಡು ಚಿಕ್ಕಮ್ಮ," ಎಂದೆ ಒಮ್ಮೆ.

"ಕೇಳ್ತಾರಲ್ಲಪ್ಪ. ಸುಳ್ಳೇಳ್ಲಾ?"

ಕಳೆದ ಸಲ ನಾನು ಹೋಗಿದ್ದಾಗ ಬೆಳಿಗ್ಗೆ ಚಿಕ್ಕಪ್ಪ ಏನನ್ನೂ ಕೇಳಲಿಲ್ಲ. ಕಾಫಿ ಕುಡಿದು ಅಂಗಳದ ಕೋಳಿ ನೋಡುತ್ತಾ ಕೂತರು. ಚಿಕ್ಕಮ್ಮ ಖಾಲಿ ಲೋಟ ಹಿಡಿದು ಕಾದಳು. ಒಳಗೆ ಹೋಗಿ, ಮತ್ತೆ ಹೊರಗೆ ಬಂದು ನಿಂತಳು. ಕೊನೆಗೆ ಪಕ್ಕದಲ್ಲಿ ಕೂತು, ಅವರ ಕಿವಿಯ ಹತ್ತಿರ ಬಾಗಿದಳು.

"ಇಲ್ಲಿ ಕೇಳಿ," ಎಂದಳು. "ಔಷಧಿ ಡಬ್ಬ ತೊಳ್ದಿದ್ದು ನಾನು."