ಎರವಲು ತಂದ ತಪ್ಪು

ದೊಡ್ಡ ಡಾಕ್ಟರಿಗೆ ಆ ಹೆಸರು ಬಂದದ್ದು ಎತ್ತರದಿಂದಲ್ಲ. ಎತ್ತರದಲ್ಲಿ ಅವರು ಹೆಂಡತಿಗಿಂತ ಎರಡು ಬೆರಳು ಕಡಿಮೆಯೇ. ಹುಟ್ಟಿದ ದೇಶದ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಜ್ವರ, ಸಕ್ಕರೆ, ಎದೆನೋವುಗಳ ವಿಭಾಗಕ್ಕೆ ಅವರು ಬಹುಕಾಲ ಮುಖ್ಯಸ್ಥರಾಗಿದ್ದರು. ಅವರು ವಾರ್ಡಿಗೆ ಕಾಲಿಟ್ಟರೆ ನರ್ಸುಗಳು ಏಳುತ್ತಿದ್ದರು, ಕಿರಿಯ ಡಾಕ್ಟರುಗಳು ಏಳುತ್ತಿದ್ದರು, ಏಳಲಾರದ ರೋಗಿಗಳೂ ಮೊಣಕೈ ಊರಿ ಅರ್ಧ ಏಳುತ್ತಿದ್ದರು. ದೊಡ್ಡ ಡಾಕ್ಟರು ಇದನ್ನೆಲ್ಲ ಗಮನಿಸದವರಂತೆ ಗಮನಿಸುತ್ತಿದ್ದರು.

ಈಗ ಅವರು ಪರದೇಶದ ಈ ಊರಿನಲ್ಲಿ ವ್ಯಾನು ಓಡಿಸುತ್ತಾರೆ. ಚಿಕ್ಕಪುಟ್ಟ ಕ್ಲಿನಿಕ್ಕುಗಳಲ್ಲಿ ತೆಗೆದ ರಕ್ತ, ಮೂತ್ರ, ಕಫದ ಸೀಸೆಗಳನ್ನು ತಣ್ಣನೆಯ ಪೆಟ್ಟಿಗೆಗಳಲ್ಲಿ ತುಂಬಿಕೊಂಡು ದೊಡ್ಡ ಆಸ್ಪತ್ರೆಗಳ ಪ್ರಯೋಗಾಲಯಕ್ಕೆ ಮುಟ್ಟಿಸುವ ಕೆಲಸ. ಊರಲ್ಲಿರುವ ಅಮ್ಮನಿಗೆ ಫೋನಿನಲ್ಲಿ, "ದಿನಾ ಆರೇಳು ಆಸ್ಪತ್ರೆ ನೋಡ್ಕೋಬೇಕಮ್ಮ, ಪುರುಸೊತ್ತೇ ಇಲ್ಲ" ಎನ್ನುತ್ತಾರೆ. ಇದರಲ್ಲಿ ಸುಳ್ಳು ಒಂದಕ್ಷರವಿಲ್ಲ. ಅಮ್ಮ ಅದನ್ನು ಬೀದಿಗೆಲ್ಲ ಹಂಚಿದ ಮೇಲೆ, ಒಬ್ಬನೇ ಮನುಷ್ಯನಿಗೆ ಅಷ್ಟು ಆಸ್ಪತ್ರೆ ವಹಿಸುವ ಆ ದೇಶದಲ್ಲಿ ಡಾಕ್ಟರುಗಳಿಗೆ ಎಷ್ಟು ಬರವಿರಬೇಕು ಎಂದು ಬೀದಿಯವರು ಲೊಚಗುಟ್ಟಿದರಂತೆ.

ಬರವಂತೂ ನಿಜವೇ. ಇವರನ್ನು ಇಲ್ಲಿಗೆ ಕರೆಸಿದ ಭಾಮೈದ ಬಸ್ಸು ಓಡಿಸುವವನು. ಅವನ ಬಸ್ಸಿನ ಬೆನ್ನಿನ ಮೇಲೇ 'ಡಾಕ್ಟರುಗಳು ಬೇಕಾಗಿದ್ದಾರೆ' ಎಂಬ ಜಾಹೀರಾತು ಇತ್ತು. ಅದನ್ನು ನಂಬಿ ಬಂದ ಭಾವ ಎರಡು ಲಿಖಿತ ಪರೀಕ್ಷೆ, ಒಂದು ಭಾಷೆಯ ಪರೀಕ್ಷೆ, ಬಾಡಿಗೆಗೆ ತಂದ ನಟರು ಹೊಟ್ಟೆ ಹಿಡಿದುಕೊಂಡು ನರಳುವ ಇನ್ನೊಂದು ಪರೀಕ್ಷೆ, ಎಲ್ಲವನ್ನೂ ಪಾಸು ಮಾಡಿದರು. ಆಮೇಲೆ ತಿಳಿಯಿತು, ಪಾಸಾದವರಿಗೆ ಕೆಲಸ ಕೊಡಬೇಕಾದರೆ ಈ ದೇಶದಲ್ಲಿ ಕೆಲಸ ಮಾಡಿದ ಅನುಭವ ಇರಬೇಕು ಎಂದು. ಹುಚ್ಚು ಬಿಡದೆ ಮದುವೆಯಾಗುವುದಿಲ್ಲ, ಮದುವೆಯಾಗದೆ ಹುಚ್ಚು ಬಿಡುವುದಿಲ್ಲ. ಇದರ ಮೇಲೊಂದು ಕೊಸರು: ಕೊನೆಯ ರೋಗಿಯನ್ನು ಮುಟ್ಟಿ ಮೂರು ವರ್ಷ ಕಳೆದರೆ ಪಾಸಾದದ್ದೆಲ್ಲ ರದ್ದು. ಮತ್ತೆ ಮೊದಲ ಪರೀಕ್ಷೆಯಿಂದ ಶುರು. ದೊಡ್ಡ ಡಾಕ್ಟರ ಮೂರು ವರ್ಷಕ್ಕೆ ಇನ್ನು ಉಳಿದದ್ದು ಒಂದೇ ತಿಂಗಳು.

ಸಂದರ್ಶನಗಳಿಗೆ ಕರೆ ಬಂದಿರಲಿಲ್ಲವೆಂದಲ್ಲ. ಬಂದಿದ್ದವು, ಎಲ್ಲವೂ ಒಂದೇ ಹಳ್ಳಕ್ಕೆ ಬಿದ್ದಿದ್ದವು. ರೋಗದ ಪ್ರಶ್ನೆಗಳಿಗೆ ಅವರು ಗಡಿಯಾರದಂತೆ ಉತ್ತರ ಕೊಡುತ್ತಿದ್ದರು. ಕೊನೆಗೆ ಯಾರಾದರೊಬ್ಬರು ಮೆತ್ತಗೆ, "ನೀವು ಮಾಡಿದ ಒಂದು ತಪ್ಪು ಹೇಳಿ. ಅದರಿಂದ ಏನು ಕಲಿತಿರಿ?" ಎಂದು ಕೇಳುತ್ತಿದ್ದರು. ದೊಡ್ಡ ಡಾಕ್ಟರು ಮೇಲೆ ನೋಡಿ, ಕೆಳಗೆ ನೋಡಿ, ಪ್ರಾಮಾಣಿಕವಾಗಿ ಹುಡುಕಿ, "ಅಂಥದ್ದು ಯಾವುದೂ ನೆನಪಿಗೆ ಬರ್ತಿಲ್ಲ" ಎನ್ನುತ್ತಿದ್ದರು. ಕಳೆದ ಸಲ ಒಂದು ಮುಗುಳ್ನಗೆಯನ್ನೂ ಸೇರಿಸಿ ನೋಡಿದರು. ಮುಗುಳ್ನಗೆ ಇನ್ನೂ ಕೆಡಿಸಿತು.

ಯಾವ ವಿಭಾಗದವರಾದರೂ ಸರಿ ಎಂಬ ಒಂದು ಹುದ್ದೆಗೆ ಕೊನೆಯ ಸಂದರ್ಶನದ ಕರೆ ಬಂದಾಗ ಮನೆಮಂದಿಯೆಲ್ಲ ಊಟದ ಮೇಜಿನ ಸುತ್ತ ಕೂತು ಅವರ ತಪ್ಪು ಹುಡುಕತೊಡಗಿದರು.

"ತಪ್ಪು ಬೇಕಾ? ಎಷ್ಟು ಬೇಕು?" ಎಂದಳು ಹೆಂಡತಿ. ಊರಲ್ಲಿ ಶಾಲೆಯ ಟೀಚರಾಗಿದ್ದವಳು, ಇಲ್ಲಿ ವೃದ್ಧರ ಮನೆಯೊಂದರಲ್ಲಿ ಮುದುಕಿಯರಿಗೆ ಸ್ನಾನ ಮಾಡಿಸಿ, ಸೊಂಟ ಹಿಡಿದುಕೊಂಡು ಆಗತಾನೆ ಬಂದಿದ್ದಳು. "ನಮ್ಮ ಮದುವೆ ದಿನದಿಂದ ಶುರು ಮಾಡ್ಲಾ?"

"ಆಸ್ಪತ್ರೆದು ಬೇಕು ಕಣೇ."

"ಅಪ್ಪಾ, ನಂಗೆ ಕಾಮಾಲೆ ಆದಾಗ ನಿದ್ದೆ ಕೆಟ್ಟು ಹಳದಿಯಾಗಿದಾಳೆ ಅಂದಿದ್ದಿಯಲ್ಲ" ಎಂದಳು ಹೈಸ್ಕೂಲಿನ ಮಗಳು.

"ಅದು ಮನೇಲಿ ಹೇಳಿದ್ದು. ಲೆಕ್ಕಕ್ಕಿಲ್ಲ."

ಭಾಮೈದ ಕೈ ತೊಳೆದುಕೊಂಡು ಬಂದ. "ಭಾವ, ನಂಗೂ ಬಸ್ಸಿನ ಕೆಲಸಕ್ಕೆ ಇದೇ ಕೇಳಿದ್ರು. ಕನ್ನಡಿ ನೋಡ್ದೆ ಹಿಂದಕ್ಕೆ ತಗೊಂಡೆ, ಕಂಬಕ್ಕೆ ಗುದ್ದಿದೆ, ಆವತ್ತಿಂದ ಎರಡು ಸಲ ನೋಡ್ತೀನಿ ಅಂದೆ. ಮಾರನೇ ದಿನ ಯೂನಿಫಾರ್ಮ್ ಕೊಟ್ರು."

"ಕಂಬ ಗೋಳಾಡಲ್ಲಪ್ಪ."

"ನೀವು ಗುದ್ದಿದ ಕಂಬಗಳೂ ಗೋಳಾಡಿಲ್ಲ ಅಂತ ಕಾಣುತ್ತೆ. ಅದಕ್ಕೇ ನಿಮಗೆ ನೆನಪಿಲ್ಲ."

ಭಾಮೈದನ ಮನೆಯಲ್ಲೇ, ಅವನ ಗ್ಯಾರೇಜಿನ ಮೇಲಿನ ಕೋಣೆಯಲ್ಲೇ ಇರುವ ಭಾವನಿಗೆ ಸಿಟ್ಟು ಮಾಡಿಕೊಳ್ಳುವ ಅನುಕೂಲವಿರಲಿಲ್ಲ. ಅವರು ಮೊಸರಿನ ಬಟ್ಟಲನ್ನು ಮುಂದೆ ಎಳೆದುಕೊಂಡರು.

ಅವರನ್ನು ಬಾಧಿಸುತ್ತಿದ್ದದ್ದು ಬೇರೆ. ಅದನ್ನು ಹೆಂಡತಿಗೂ ಹೇಳಿರಲಿಲ್ಲ. ಹಿಂದಿನ ವಾರ ಭಾಮೈದನ ಮಗುವಿಗೆ ಕಿವಿನೋವು ಬಂದು, ಯಾವ ಔಷಧ ಎಷ್ಟು ಕೊಡಬೇಕೆಂದು ಕೇಳಿದಾಗ, ಔಷಧದ ಹೆಸರು ಬಂತು, ಅಳತೆ ಬರಲಿಲ್ಲ. "ಒಂದ್ನಿಮಿಷ" ಎಂದು ಬಚ್ಚಲಿಗೆ ಹೋಗಿ, ಬಾಗಿಲು ಹಾಕಿಕೊಂಡು ಫೋನಿನಲ್ಲಿ ನೋಡಿ ಬಂದು ಹೇಳಿದರು. ಹೇಳುವಾಗ ಗತ್ತು ಹಾಗೇ ಇತ್ತು. ಗತ್ತು ಕೊನೆಗೆ ಸಾಯುವ ಅಂಗ. ಆದರೆ ಅಂದಿನಿಂದ ಅವರು ವ್ಯಾನಿನಲ್ಲಿ ಕೂತು, ಸಿಗ್ನಲ್ಲು ಕೆಂಪಾದಾಗಲೆಲ್ಲ ತಮ್ಮದೇ ಮಣಿಕಟ್ಟು ಹಿಡಿದು ನಾಡಿ ನೋಡಿಕೊಳ್ಳತೊಡಗಿದರು. ಕೈಗೆ ಕೆಲಸ ಮರೆಯಬಾರದಲ್ಲ.

ತಪ್ಪು ಸಿಕ್ಕಿದ್ದು ಇಲ್ಲಿನ ಸಾರ್ವಜನಿಕ ಲೈಬ್ರರಿಯಲ್ಲಿ. ಅಲ್ಲಿನ ಹೀಟರಿನ ಪಕ್ಕದ ಮೇಜು ಇವರಂತೆ ಹೊರಗಿನಿಂದ ಬಂದು ಕೆಲಸಕ್ಕೆ ಕಾದಿರುವ ಡಾಕ್ಟರುಗಳದ್ದು. ಅಲ್ಲಿ ಕಾಯಂ ಗಿರಾಕಿಯಾಗಿದ್ದವರು ಮಕ್ಕಳ ಡಾಕ್ಟರು, ಇವರ ಸೀಮೆಯವರೇ, ವಯಸ್ಸಿನಲ್ಲಿ ಹತ್ತು ವರ್ಷ ಚಿಕ್ಕವರು. ಈಗ ಒಂದು ಗೋದಾಮಿನಲ್ಲಿ ಮಾತ್ರೆಯ ಡಬ್ಬಿಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬುತ್ತಿದ್ದರು. ಇವರ ಗೋಳು ಕೇಳಿ ಅವರು ಪುಸ್ತಕ ಮುಚ್ಚಿದರು.

"ಸಾರ್, ತಪ್ಪು ಅನ್ನೋದು ಅಡುಗೆಗೆ ಉಪ್ಪಿದ್ದ ಹಾಗೆ. ಇಲ್ಲದಿದ್ರೆ ಇವರಿಗೆ ರುಚಿಸಲ್ಲ, ಜಾಸ್ತಿಯಾದ್ರೆ ಉಗೀತಾರೆ. ರೋಗಿ ಸಾಯಕೂಡದು. ಆದ್ರೆ ಏನೂ ಆಗಲಿಲ್ಲ ಅಂತಲೂ ಇರಕೂಡದು. ನನ್ನದೊಂದು ಇದೆ, ಬೇಕಾದ್ರೆ ತಗೊಳ್ಳಿ."

"ನಿಮಗೆ ಬೇಡವಾ?"

"ನಾನು ಅಲ್ಲಿಗೆ ಅರ್ಜಿ ಹಾಕಿಲ್ಲ ಸಾರ್."

ತಪ್ಪು ಹೀಗಿತ್ತು: ಆರು ವರ್ಷದ ಹುಡುಗಿ, ಜ್ವರ. ಒಂದು ಔಷಧ ಅವಳಿಗೆ ಒಗ್ಗುವುದಿಲ್ಲವೆಂದು ತಾಯಿ ಮೊದಲೇ ಹೇಳಿದ್ದಳು. ಡಾಕ್ಟರು ಗಡಿಬಿಡಿಯಲ್ಲಿ ಅದನ್ನೇ ಬರೆದರು. ಮೈಯೆಲ್ಲ ದದ್ದು. ಡ್ಯೂಟಿ ಮುಗಿಸಿ ಮನೆಗೆ ಹೊರಟಿದ್ದ ನರ್ಸು ಬಾಗಿಲಿಂದ ನೋಡಿ, ಓಡಿ ಬಂದು ಔಷಧ ನಿಲ್ಲಿಸಿದಳು. ಡಾಕ್ಟರು ತಾಯಿಯ ಕ್ಷಮೆ ಕೇಳಿದರು. ಅಂದಿನಿಂದ ಬರೆಯುವ ಮೊದಲು ಗಟ್ಟಿಯಾಗಿ ಕೇಳುತ್ತಾರೆ.

"ನನ್ನ ವಾರ್ಡಲ್ಲಿ ಮಕ್ಕಳಿಲ್ಲವಲ್ಲ" ಎಂದರು ದೊಡ್ಡ ಡಾಕ್ಟರು.

"ಮುದುಕನ್ನ ಮಾಡ್ಕೊಳ್ಳಿ. ತಾಯಿ ಜಾಗಕ್ಕೆ ಸೊಸೆ. ಆದ್ರೆ ಒಂದು, ನರ್ಸು ಓಡಿ ಬರುವಾಗ ಅವಳ ಕೈಲಿ ಹಳದಿ ಕೊಡೆ ಇತ್ತು. ಅದನ್ನ ಮಾತ್ರ ಬಿಡಬೇಡಿ. ನಂಬಿಕೆ ಹುಟ್ಟೋದೇ ಕೊಡೆಯಿಂದ."

ಮೂರು ದಿನ ದೊಡ್ಡ ಡಾಕ್ಟರು ವ್ಯಾನಿನಲ್ಲಿ ಆ ತಪ್ಪನ್ನು ಅಭ್ಯಾಸ ಮಾಡಿದರು. ಮುದುಕನಿಗೆ ಹಿಂದಕ್ಕೆ ಬಾಚಿದ ಬಿಳಿ ಕೂದಲು ಬಂತು, ಸೊಸೆಗೆ ಒರಟು ದನಿ ಬಂತು. ಕೊನೆಕೊನೆಗೆ ಅವರಿಗೆ ಆ ಮುದುಕನ ಬಗ್ಗೆ ನಿಜವಾದ ಪಶ್ಚಾತ್ತಾಪವೇ ಹುಟ್ಟಿ, ಕಣ್ಣು ಒದ್ದೆಯಾಯಿತು. ತಪ್ಪೊಪ್ಪಿಕೊಳ್ಳುವುದರಲ್ಲೂ ತಾವು ಸಾಮಾನ್ಯರಲ್ಲ ಎಂದು ಅವರಿಗೆ ಸಣ್ಣದೊಂದು ಹೆಮ್ಮೆಯೂ ಆಯಿತು.

ಸಂದರ್ಶನದ ಕೋಣೆಯಲ್ಲಿ ಮೂವರಿದ್ದರು. ನಡುವೆ ತಲೆ ನರೆತ ಹೆಂಗಸೊಬ್ಬರು, ಆಸ್ಪತ್ರೆಯ ಹಿರಿಯ ಡಾಕ್ಟರು. ಎಡಕ್ಕೆ ಬೋಳುತಲೆಯವನೊಬ್ಬ, ಬಲಕ್ಕೆ ಬರೆದುಕೊಳ್ಳುತ್ತಲೇ ಇರುವ ಯುವತಿ. ಮೇಜಿನ ಮೇಲೆ ನೀರಿನ ಹೂಜಿ. ಕಿಟಕಿಯಾಚೆ ವಾಹನ ನಿಲ್ಲಿಸುವ ಜಾಗದಲ್ಲಿ ಅವರದೇ ವ್ಯಾನು ಕಾಣುತ್ತಿತ್ತು. ಅವರು ಕುರ್ಚಿಯನ್ನು ಸ್ವಲ್ಪ ಓರೆ ಮಾಡಿ ಅದಕ್ಕೆ ಬೆನ್ನು ತಿರುಗಿಸಿ ಕೂತರು.

ರೋಗದ ಪ್ರಶ್ನೆಗಳು ಮುಗಿದವು. ಒಂದೆರಡು ಕಡೆ ಉತ್ತರ ಬರುವ ಮೊದಲು ಸ್ವಲ್ಪ ಹೊತ್ತಾಯಿತು, ಆದರೂ ಬಂತು. ಆಮೇಲೆ ಹಿರಿಯಾಕೆ ಕನ್ನಡಕ ತೆಗೆದು, ಮೆತ್ತಗೆ ಆ ಪ್ರಶ್ನೆ ಕೇಳಿದರು.

ದೊಡ್ಡ ಡಾಕ್ಟರು ಉಸಿರೆಳೆದುಕೊಂಡು ಮುದುಕನನ್ನು ಹಾಸಿಗೆಯ ಮೇಲೆ ಮಲಗಿಸಿದರು. ಸೊಸೆಯಿಂದ ಎಚ್ಚರಿಕೆ ಹೇಳಿಸಿದರು. ಗಡಿಬಿಡಿಯಲ್ಲಿ ಔಷಧ ಬರೆದರು. ದದ್ದು ಎಬ್ಬಿಸಿದರು. "ಆಗ ಮನೆಗೆ ಹೊರಟಿದ್ದ ನರ್ಸು ಬಾಗಿಲಲ್ಲಿ ನೋಡಿ ಓಡಿ ಬಂದಳು..."

"ಅವಳ ಕೈಲಿ ಕೊಡೆ ಇತ್ತಾ?" ಎಂದ ಬೋಳುತಲೆಯವ.



"ಹಳದಿ ಬಣ್ಣದ್ದು" ಎಂದು ಅವನೇ ಸೇರಿಸಿದ. ದನಿಯಲ್ಲಿ ಗೇಲಿಯಿರಲಿಲ್ಲ, ಸುಸ್ತಿತ್ತು. "ಇವತ್ತು ಬೆಳಿಗ್ಗೆ ಇದೇ ಕುರ್ಚಿಯಲ್ಲಿ ಕೂತವರ ಕಥೆಯಲ್ಲಿ ಆರು ವರ್ಷದ ಹುಡುಗಿ ಇದ್ದಳು. ಕೊಡೆ ಅದೇ."

ಬರೆದುಕೊಳ್ಳುತ್ತಿದ್ದ ಯುವತಿ ಬರೆಯುವುದನ್ನು ನಿಲ್ಲಿಸಿ ಮೇಜು ನೋಡಿದಳು. ಬೆಳಿಗ್ಗೆ ಕೂತವರು ಯಾರೆಂದು ದೊಡ್ಡ ಡಾಕ್ಟರಿಗೆ ತಕ್ಷಣ ಹೊಳೆಯಿತು. ಅರ್ಜಿ ಹಾಕಿಲ್ಲ ಸಾರ್! ಸಿಟ್ಟು ಬರಬೇಕಿತ್ತು. ಬರಲಿಲ್ಲ. ಎದ್ದು ಹೋಗಬೇಕೋ ಬೇಡವೋ ತಿಳಿಯದೆ ನೀರಿನ ಹೂಜಿಯ ಹಿಡಿಕೆಯನ್ನೇ ನೋಡುತ್ತ ಕೂತರು.

"ನಿಮ್ಮದೇ ಅಂತ ಯಾವುದೂ ಇಲ್ಲವಾ?" ಎಂದರು ಹಿರಿಯಾಕೆ.

"ಇರಬೇಕು" ಎಂದರು ದೊಡ್ಡ ಡಾಕ್ಟರು. "ಇರದೇ ಇರೋಕೆ ಸಾಧ್ಯ ಇಲ್ಲ. ನನಗೆ ಯಾರೂ ಹೇಳಲಿಲ್ಲ. ನಾನು ಒಳಗೆ ಬಂದ್ರೆ ಎಲ್ಲರೂ ಎದ್ದು ನಿಲ್ತಿದ್ರು. ಹಾಗೆ ಎದ್ದು ನಿಂತವರು ಬಾಯಿ ಬಿಡಲ್ಲ. ನಾನೂ ಕೇಳಲಿಲ್ಲ." ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ಕಟ್ಟೆ ಒಡೆದಿತ್ತು. "ಈಗ ನನ್ನ ಹೆದರಿಕೆ ಅದಲ್ಲ. ನನಗೆ ಮರೆತುಹೋಗ್ತಿದೆ ಮೇಡಂ. ಔಷಧದ ಅಳತೆ ಮರೆತುಹೋಗ್ತಿದೆ. ಹೊಟ್ಟೆ ಮುಟ್ಟಿದ್ರೆ ಒಳಗೇನಿದೆ ಅಂತ ಈ ಕೈಗೆ ಗೊತ್ತಾಗ್ತಿತ್ತು. ಈಗ ಸ್ಟೀರಿಂಗ್ ಬಿಟ್ಟು ಏನೂ ಮುಟ್ಟಿಲ್ಲ. ಯಾವ ಕೆಲಸ ಆದ್ರೂ ಕೊಡಿ. ರೋಗಿ ಹತ್ತಿರ ಬಿಡಿ, ಸಾಕು."

ಕೆಲಸ ಬೇಡುವವನು ತನಗೆ ಕೆಲಸ ಮರೆಯುತ್ತಿದೆ ಎಂದು ಹೇಳುವುದು ಜಗತ್ತಿನ ಯಾವ ಸಂದರ್ಶನದಲ್ಲೂ ಜಾಣತನವಲ್ಲ. ಹಿರಿಯಾಕೆ ಕನ್ನಡಕ ಹಾಕಿಕೊಂಡು, ಬಹಳ ಮರ್ಯಾದೆಯಿಂದ, ಬಂದದ್ದಕ್ಕೆ ವಂದನೆ ಹೇಳಿದರು. ಬಾಗಿಲವರೆಗೂ ಬಂದರು. ಅಲ್ಲಿ ಕೈ ಕುಲುಕಿದರು.

ಎಂಟು ದಿನಕ್ಕೆ ಉತ್ತರ ಬಂತು, ಇಲ್ಲ ಎಂದು. ಆ ತಿಂಗಳು ಮುಗಿಯಿತು. ಪಾಸಾದದ್ದೆಲ್ಲ ರದ್ದಾಯಿತು. ಆ ದಿನ ಗ್ಯಾರೇಜಿನ ಮೇಲಿನ ಕೋಣೆಯಲ್ಲಿ ಯಾರೂ ಅಳಲಿಲ್ಲ. ಹೆಂಡತಿ ಅವರ ಪುಸ್ತಕಗಳನ್ನು ಹಾಸಿಗೆಯ ಕೆಳಗೆ ಸರಿಸುತ್ತ, "ನಾನು ಎಸೆಯಲ್ಲ. ಆದ್ರೆ ಮತ್ತೆ ಮೊದಲಿಂದ ಬರೀತೀನಿ ಅಂತ ಮಾತ್ರ ಇವತ್ತು ಹೇಳ್ಬೇಡಿ ರೀ, ನಂಗೆ ಕೇಳೋ ಶಕ್ತಿ ಇಲ್ಲ" ಎಂದಳು. ಭಾಮೈದ ಬಾಗಿಲಲ್ಲಿ ನಿಂತು ಏನಾದರೂ ಚೇಷ್ಟೆಯ ಮಾತು ಹುಡುಕಿದ. ಆಮೇಲೆ ಹಾಗೇ ಮೆಟ್ಟಿಲಿಳಿದು ಹೋದ.

ಕೆಲಸ ಸಿಕ್ಕಿದ್ದು ಮಕ್ಕಳ ಡಾಕ್ಟರಿಗೆ. ಬೆಳಿಗ್ಗೆ ಮೊದಲು ಹೇಳಿದವರದು ನಿಜ, ಮಧ್ಯಾಹ್ನ ಹೇಳಿದವರದು ನಕಲು ಎಂದಾಗಿತ್ತು. ಹಾಗೆ ನೋಡಿದರೆ ಅದು ನಿಜವೂ ಹೌದು.

ಇಬ್ಬರೂ ಎದುರಾದದ್ದು ಆ ಆಸ್ಪತ್ರೆಯ ಹಿಂಬಾಗಿಲಲ್ಲಿ. ದೊಡ್ಡ ಡಾಕ್ಟರು ಎರಡು ಪೆಟ್ಟಿಗೆ ಒಂದರ ಮೇಲೊಂದು ಹೊತ್ತು ನಿಂತಿದ್ದರು. ಬಾಗಿಲು ತೆರೆಯಲು ಕಾರ್ಡು ಬೇಕು, ಕಾರ್ಡು ಜೇಬಿನಲ್ಲಿತ್ತು, ಕೈ ಖಾಲಿಯಿರಲಿಲ್ಲ. ಒಳಗಿಂದ ಬಾಗಿಲು ತೆರೆದವರು ಮಕ್ಕಳ ಡಾಕ್ಟರು. ಕೊರಳಲ್ಲಿ ಸ್ಟೆತಾಸ್ಕೋಪು, ಎದೆಯ ಮೇಲೆ ಫೋಟೋ ಇರುವ ಗುರುತಿನ ಬಿಲ್ಲೆ.

"ಸಾರ್..." ಮುಖ ಬಿಳಿಚಿಕೊಂಡಿತು. "ಕೊಡಿ ಸಾರ್, ನಾನು ಹಿಡ್ಕೋತೀನಿ."

"ಬಿಡಿ, ಇದು ನನ್ನ ಕೆಲಸ."

"ನಿಮ್ಮ ಮುಂದೆ ಅರ್ಜಿ ಹಾಕಿಲ್ಲ ಅಂದೆ. ನಾಚಿಕೆ ಆಯ್ತು ಸಾರ್, ಅದಕ್ಕೆ ಅಂದೆ. ನೀವು ಆ ಕಥೇನೇ ಹೇಳ್ತೀರಿ, ಅದೂ ಅವತ್ತೇ..."

"ನೀವೇ ಕೊಟ್ಟಿದ್ದಲ್ವಾ ಮಾರಾಯ್ರೆ, ಇನ್ಯಾವುದು ಹೇಳ್ಲಿ?"

ಇಬ್ಬರಿಗೂ ನಗು ಬಂದಂತಾಗಿ ನಿಂತುಹೋಯಿತು. ದೊಡ್ಡ ಡಾಕ್ಟರು ಪೆಟ್ಟಿಗೆಗಳನ್ನು ಗೋಡೆಗೆ ಆನಿಸಿ ಇಳಿಸಿದರು. ಅಂಗಿಯ ತೋಳು ಸರಿಮಾಡಿಕೊಂಡರು. ಬಹಳ ದೊಡ್ಡ ವಿಷಯ ಕೇಳುವವರಂತೆ ಅತ್ತಿತ್ತ ನೋಡಿದರು.

"ನೀವು ಬೆಳಿಗ್ಗೆ ವಾರ್ಡು ಸುತ್ತೋದು ಎಷ್ಟು ಹೊತ್ತಿಗೆ?"

"ಎಂಟಕ್ಕೆ. ಯಾಕೆ ಸಾರ್?"

"ನಾನು ಬರ್ಲಾ? ಹಿಂದೆ ನಿಂತಿರ್ತೀನಿ. ಏನೂ ಮುಟ್ಟಲ್ಲ, ಬಾಯಿ ತೆಗೆಯಲ್ಲ. ಬರೀ ಕೇಳಿಸ್ಕೋತೀನಿ."

ಮಕ್ಕಳ ಡಾಕ್ಟರು ಬಿಲ್ಲೆಯನ್ನು ಬೆರಳಲ್ಲಿ ತಿರುಗಿಸಿದರು. ಸೇರಿ ಇನ್ನೂ ಎರಡನೇ ವಾರ. "ನೋಡೋಣ ಸಾರ್. ಕೇಳಿ ನೋಡ್ತೀನಿ" ಎಂದರು.

'ನೋಡೋಣ' ಎಂದರೆ ಏನೆಂದು ದೊಡ್ಡ ಡಾಕ್ಟರಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಬದುಕಿನುದ್ದಕ್ಕೂ ಎಷ್ಟೋ ಜನರನ್ನು ಅದೇ ಮಾತಿನಿಂದ ಬಾಗಿಲಾಚೆ ಕಳಿಸಿದವರು ಅವರು.

ಆದರೂ ಮರುದಿನ ಎಂಟಕ್ಕೆ ಮೊದಲೇ ಅವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಪೆಟ್ಟಿಗೆಯಿಲ್ಲದೆ, ಆ ಹಿಂಬಾಗಿಲ ಹತ್ತಿರ ನಿಂತಿದ್ದರು. ಡ್ಯೂಟಿಗೆ ಬರುವವರು ಒಬ್ಬೊಬ್ಬರಾಗಿ ಕಾರ್ಡು ಮುಟ್ಟಿಸಿ ಒಳಗೆ ಹೋಗುತ್ತಿದ್ದರು. ಪ್ರತಿಯೊಬ್ಬರು ಬಂದಾಗಲೂ ದೊಡ್ಡ ಡಾಕ್ಟರು ಪಕ್ಕಕ್ಕೆ ಸರಿದು, ನೆಟ್ಟಗೆ ನಿಂತು, ದಾರಿ ಬಿಡುತ್ತಿದ್ದರು.