ನಲವತ್ತೊಂದರ ಪಕ್ಕ ಐವತ್ತೆಂಟು

ನಂಬದವರು ನಂಬುವುದು ಬೇಡ. ಆ ದಿನ ನಾನು ನಾಲ್ಕಕ್ಕೇ ಎದ್ದೆ, ನೀರುದೋಸೆ ಹಿಟ್ಟಿಗೆ ಉಪ್ಪು ಹಾಕಿ ಕದಡಿದೆ, ಯಜಮಾನರ ಅಂಗಿಗೆ ಇಸ್ತ್ರಿ ಹಾಕಿದೆ. ಇಷ್ಟೆಲ್ಲ ಸರಿಯಾಗಿ ನೆನಪಿರುವವಳಿಗೆ ಮುಂದಿನದ್ದು ಮಾತ್ರ ಭ್ರಮೆ ಹೇಗಾದೀತು?

ಕೋಟೇಶ್ವರದಿಂದ ಕತ್ತಲಲ್ಲೇ ಇಬ್ಬರೂ ಬ್ರಹ್ಮಾವರಕ್ಕೆ ಹೊರಟೆವು. ಬಸ್ರೂರಿನ ನನ್ನ ತವರುಮನೆ ಈಗ ಅಲ್ಲಿ ಎದ್ದು ನಿಂತಿತ್ತು. ಬೆಳಕು ಹರಿಯುವ ಮೊದಲು ನಾನು ದೀಪ ಹಚ್ಚಬೇಕಿತ್ತು.

ಅಣ್ಣ ಅದನ್ನು ಕೆಡವಲು ಜೆಸಿಬಿ ಕರೆಸಿದ್ದ. ಅತ್ತು ತಡೆದವಳು ನಾನು. ಬ್ರಹ್ಮಾವರದವರೊಬ್ಬರು ಮನೆಯನ್ನು ಬಿಚ್ಚಿ ಒಯ್ದು, ತಮ್ಮ ಜಾಗದಲ್ಲಿ ಮತ್ತೆ ಜೋಡಿಸಲು ಒಪ್ಪಿದರು. ಬಿಚ್ಚುವ ದಿನ ಮುದಿ ಆಚಾರಿ ಉಳಿ ಕೆಳಗಿಟ್ಟು ನನ್ನನ್ನು ಕರೆದರು.

“ಮನಿಗೆ ಹೇಳ್ದೆ ಬಿಚ್ಚುಕಾಗ ಅಮ್ಮ. ಹೆಣ್ಮಗಳ್ ಮಾತ್ ಕೊಡ್ಕ್.”

ಚಾವಡಿಯ ಕಂಬ ಮುಟ್ಟಿ ಮಾತು ಕೊಟ್ಟೆ... ಒಡೆಯುತ್ತಿಲ್ಲ, ಕರೆದುಕೊಂಡು ಹೋಗುತ್ತಿದ್ದೇವೆ, ಒಂದು ಹಲಗೆಯನ್ನೂ ಬಿಡುವುದಿಲ್ಲ. ಆಮೇಲೆ ಆಚಾರಿ ಪ್ರತಿ ಮರಕ್ಕೂ ಕೆಂಪು ಬಣ್ಣದಲ್ಲಿ ಅಂಕೆ ಬರೆದರು, ಮತ್ತೆ ಜೋಡಿಸುವಾಗ ತಪ್ಪಬಾರದೆಂದು. ಮರ ಸಾಗಿಸುವ ಹೊಣೆ ಅಣ್ಣನದು.

ಬ್ರಹ್ಮಾವರ ತಲುಪಿ ದೀಪ ಹಚ್ಚಿದೆ. ಎಲ್ಲವೂ ನಮ್ಮದೇ. ಬಾಗಿಲ ಚಿಲಕದ ಮೇಲಿನ ಗೀರು ಕೂಡ. ಗೋಡೆಯ ಹಲಗೆಗಳ ಅಂಕೆ ಓದುತ್ತಾ ಹೋದೆ. ನಲವತ್ತು, ನಲವತ್ತೊಂದು... ಪಕ್ಕದಲ್ಲಿ ಐವತ್ತೆಂಟು.

ಅಲ್ಲಿ ಒಂದು ಬಾಗಿಲು ಇರಬೇಕಿತ್ತು. ನನ್ನ ಅಜ್ಜಿ, ಅಮ್ಮಮ್ಮ, ಏಳು ವರ್ಷ ಮಲಗಿದ್ದು, ಕೊನೆಗೆ ತೀರಿಕೊಂಡ ಕೋಣೆಯ ಬಾಗಿಲು. ಈಗ ಬರೀ ಗೋಡೆ.

ಆಗಲೇ ತೈಲದ ವಾಸನೆ ಬಂತು. ಅವರ ಮಂಡಿಗೆ ನಾನೇ ತಿಕ್ಕುತ್ತಿದ್ದ ತೈಲ. ಗೋಡೆಯ ಆಚೆ ಮಂಚ ಕಿರುಗುಟ್ಟಿತು... ಕೋಲಿನಿಂದ ಎರಡು ಬಾರಿ ಕುಟ್ಟಿದ ಸದ್ದು. ನೀರು ಬೇಕಾದಾಗ ಕುಟ್ಟುತ್ತಿದ್ದ ಹಾಗೆಯೇ.

“ಹೆಣೆ... ನನ್ ಬಿಟ್ಟಿಕ್ ಬಂದ್ಯಾ?” ಹೆಣೆ ಎಂದು ನನ್ನನ್ನು ಕರೆಯುತ್ತಿದ್ದುದು ಅಮ್ಮಮ್ಮ ಒಬ್ಬರೇ.

ಆಚಾರಿ ನನ್ನ ಹಿಂದೆಯೇ ಇದ್ದರು. ಚಪ್ಪಲಿಯನ್ನೂ ಮೆಟ್ಟದೆ ಅಂಗಳ ದಾಟಿ ಹೋಗಿಬಿಟ್ಟರು. ನಾನು ಓಡಿ ಗೋಡೆಯ ಆಚೆ ಬದಿ ನೋಡಿದೆ. ಮರಳಿನ ಒಂದು ರಾಶಿ, ಅಷ್ಟೆ. ಅದರ ಮೇಲೆ ಬೆಕ್ಕಿನ ಹೆಜ್ಜೆಯೂ ಇರಲಿಲ್ಲ.

ಕೋಣೆಯ ಮರ ಎಲ್ಲಿ ಎಂದು, ಆಗಷ್ಟೇ ಅಂಗಳಕ್ಕೆ ಬಂದ ಅಣ್ಣನನ್ನು ಕೇಳಿದೆ.

“ಗೆದ್ಲ್ ತಿಂದಿತ್ತ್ ಮಾರಾಯ್ತಿ. ಬಿಸಾಡ್ದೆ. ಒಂದ್ ಕೋಣಿಗೆ ಎಂತ ಇಷ್ಟ್ ಗಲಾಟಿ?”

ಕೋಣೆಯ ಆ ಹಲಸಿನ ಹಲಗೆಗಳಿಗೆ ಗೆದ್ದಲು ಹಿಡಿದಿದ್ದನ್ನು ನಾನು ಒಮ್ಮೆಯೂ ಕಂಡಿಲ್ಲ. ಮಾತು ಕೊಟ್ಟದ್ದು ನಾನು, ಮುರಿದದ್ದು ಇವನು. ಆದರೆ ಆಚೆಯಿಂದ ಕೇಳಿದ್ದು ನನ್ನನ್ನೇ ಅಲ್ಲವೇ... ಯಜಮಾನರ ಕಡೆ ತಿರುಗಿದೆ. ಅವರು ಕಾರಿನ ಗಾಜು ಒರೆಸುತ್ತಿದ್ದರು. ಮನೆಗೆ ಮರಳುವ ದಾರಿಯುದ್ದಕ್ಕೂ ನಾನು ಅತ್ತೆ. ಅವರು ರೇಡಿಯೋ ಜೋರು ಮಾಡಿದರು.

ಸಂಜೆ ತುಳಸಿಕಟ್ಟೆಯ ಹತ್ತಿರ ನಿಂತಿದ್ದೆ. ಪಕ್ಕದ ಮನೆಯ ಜಲಜಕ್ಕ ಒಣಗಿದ ಬಟ್ಟೆ ಮಡಚುತ್ತಾ, ತವರುಮನೆ ಚೆಂದ ಆಯಿತೇ ಎಂದು ವಿಚಾರಿಸಿದರು. ಹೂಂ ಎಂದೆ.

“ಹೋದ ತಿಂಗ್ಳ್ ನಿಮ್ಮ್ ಯಜಮಾನ್ರ್ ಟೆಂಪೋದಗೆ ಹಳೆ ಮರ ಹೇರ್ಕಂಡ್ ತ್ರಾಸಿ ಬದಿಗ್ ಹೋಪತಿಗೆ ನಾ ಕಂಡಿದೆ,” ಎಂದರು ಜಲಜಕ್ಕ, ಸೀರೆಯ ಅಂಚು ಜೋಡಿಸುತ್ತಾ. ತ್ರಾಸಿ ಬ್ರಹ್ಮಾವರದ ದಾರಿಯಲ್ಲ, ಅದಕ್ಕೆ ಎದುರು ದಿಕ್ಕು. “ಮರದ್ ಮೇಲೆ ಕೂಕಂಡಿದ್ದ್ ಅಜ್ಜಿ ಯಾರ್? ಪಾಪ, ಆ ಬಿಸ್ಲಗೆ.”